ಗೋಡೆಯ ಮೇಲಿನ ಚಿತ್ರದಲ್ಲಿ ಮನೆ ಎಲ್ಲಿದೆ?

ನಿಮ್ಮ ಮನೆಯ ಜಗಲಿಯಲ್ಲೋ ನಡುಮನೆಯಲ್ಲೋ ಒಂದು ಪ್ರಕೃತಿ ದೃಶ್ಯದ ಚಿತ್ರ ಇದ್ದೇ ಇರುತ್ತದೆ. ದುಡ್ಡು ಕೊಟ್ಟು ತಂದದ್ದೇ ಆಗಬೇಕೆಂದಿಲ್ಲ. ಕಾಫಿ ಕ್ಯೂರಿಂಗಿನವರು, ಗೊಬ್ಬರದ ಅಂಗಡಿಯವರು, ಸಹಕಾರಿ ಬ್ಯಾಂಕಿನವರು ಹೊಸ ವರ್ಷಕ್ಕೆ ಕೊಟ್ಟ ಕ್ಯಾಲೆಂಡರೇ ಇರಬಹುದು. ವರ್ಷ ಮುಗಿದ ಮೇಲೆ ತಾರೀಕಿನ ಹಾಳೆ ಕಿತ್ತುಹಾಕಿ, "ಚಿತ್ರ ಚೆನ್ನಾಗಿದೆ, ಇರಲಿ ಬಿಡಿ" ಅಂತ ಕಟ್ಟು ಹಾಕಿಸಿ ಇಟ್ಟುಕೊಂಡಿರುತ್ತೇವೆ. ದಿನವೂ ಅದರ ಧೂಳು ಒರೆಸುತ್ತೇವೆ. ಆದರೆ ನೋಡುವುದು ಅಪರೂಪ.

ಈ ದಿನ ಕೈಕೆಲಸ ಮುಗಿದ ಮೇಲೆ ಒಂದೈದು ನಿಮಿಷ ಆ ಚಿತ್ರದ ಮುಂದೆ ನಿಂತುಕೊಳ್ಳಿ. ನಿಮ್ಮನ್ನು ನೀವೇ ಒಂದು ಪ್ರಶ್ನೆ ಕೇಳಿಕೊಳ್ಳಿ. ಈ ಚಿತ್ರದಲ್ಲಿ ಮನೆ ಎಲ್ಲಿದೆ? ಇದ್ದರೆ ಅದರೊಳಗೆ ಯಾರಾದರೂ ಇದ್ದಾರೆ ಅನ್ನಿಸುತ್ತದೆಯೇ? ಇಲ್ಲವಾದರೆ, ಯಾಕೆ ಇಲ್ಲ?

ಇದೇನು ಮಕ್ಕಳಾಟದ ಪ್ರಶ್ನೆ ಎನ್ನಬೇಡಿ. ನಾವು ಮನೆ ಎಂದು ಯಾವುದನ್ನು ಕರೆಯುತ್ತೇವೆ, ನಮ್ಮ ಊರನ್ನು ನೋಡಲು ಬಂದವರು ಅದನ್ನು ಕಾಣುತ್ತಾರೋ ಇಲ್ಲವೋ ಎನ್ನುವುದು ಈ ಪ್ರಶ್ನೆಯೊಳಗೇ ಇದೆ.

ಎರಡು ಗುಡ್ಡ, ಒಂದು ಸೂರ್ಯ

ಮೊದಲು ಮಕ್ಕಳಿಂದಲೇ ಶುರು ಮಾಡೋಣ. ಯಾವ ಮಗುವಿನ ಕೈಗೆ ಬೇಕಾದರೂ ಬಣ್ಣದ ಪೆನ್ಸಿಲ್ ಕೊಟ್ಟು "ಒಂದು ಸೀನರಿ ಬರಿ ಪುಟ್ಟಾ" ಎನ್ನಿ. ಎರಡು ತ್ರಿಕೋನದ ಗುಡ್ಡ ಬರುತ್ತದೆ. ನಡುವೆ ಅರ್ಧ ಸೂರ್ಯ. ಗುಡ್ಡದಿಂದ ಇಳಿದು ಬರುವ ಹೊಳೆ, ಒಂದು ತೆಂಗಿನ ಮರ, ನಾಲ್ಕು ಹಕ್ಕಿ, ಪಕ್ಕದಲ್ಲಿ ಒಂದು ಗುಡಿಸಲು. ಮೂಡಿಗೆರೆಯ ಮಗುವೂ ಇದನ್ನೇ ಬರೆಯುತ್ತದೆ, ಬಯಲುಸೀಮೆಯ ಮಗುವೂ ಇದನ್ನೇ ಬರೆಯುತ್ತದೆ.

ನಮ್ಮ ಕಡೆಯ ಗುಡ್ಡ ತ್ರಿಕೋನವಾಗಿಲ್ಲ, ಒಂದರ ಹಿಂದೆ ಒಂದು ಮಲಗಿದ ಹಾಗಿರುತ್ತದೆ. ಮಳೆಗಾಲದಲ್ಲಿ ಸೂರ್ಯನ ಮುಖ ಕಾಣುವುದೇ ಕಷ್ಟ. ಮನೆಯ ಸುತ್ತ ತೆಂಗಿಗಿಂತ ಹೆಚ್ಚು ಅಡಿಕೆ, ಕಾಫಿ, ಸಿಲ್ವರ್ ಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಹಾಗಿದ್ದರೂ ಮಗು ತಾನು ಕಂಡದ್ದನ್ನು ಬಿಟ್ಟು ಪುಸ್ತಕದಲ್ಲಿ ಕಂಡದ್ದನ್ನು ಬರೆಯುತ್ತದೆ. ಅಚ್ಚಾದ ಚಿತ್ರದ ಶಕ್ತಿ ಅಂಥದ್ದು. ಕಿಟಕಿಯಾಚೆ ಇರುವುದಕ್ಕಿಂತ ಹಾಳೆಯ ಮೇಲಿರುವುದೇ ನಿಜವಾದ ಚಿತ್ರ ಅನ್ನಿಸಿಬಿಡುತ್ತದೆ.

ಆದರೂ ಮಗು ಒಂದನ್ನು ಮರೆಯುವುದಿಲ್ಲ, ಗಮನಿಸಿದ್ದೀರಾ? ಗುಡಿಸಲಿನ ಬಾಗಿಲಿನಿಂದ ಹೊರಟು ಹಾಳೆಯ ಅಂಚಿನವರೆಗೆ ಬರುವ ಒಂದು ದಾರಿ. ದಾರಿಯಿಲ್ಲದ ಮನೆಯನ್ನು ಮಕ್ಕಳು ಬರೆಯುವುದು ತೀರ ಕಡಿಮೆ. ಮನೆಯೆಂದರೆ ಹೋಗುವ, ಮರಳಿ ಬರುವ ಜಾಗ ಎನ್ನುವುದು ಅವಕ್ಕೆ ಯಾರೂ ಹೇಳಿಕೊಡದೆ ಗೊತ್ತಿದೆ.

ಚಿತ್ರ ಬಡವರ ಮನೆಗೆ ಬಂದದ್ದು

ಹಿಂದೆ ಗೋಡೆಗೆ ಚಿತ್ರ ತೂಗುಹಾಕುವುದು ಅರಮನೆಯವರ, ಶ್ರೀಮಂತರ ಮಾತಾಗಿತ್ತು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ಆರಂಭಿಸಿ ಕಲ್ಲಚ್ಚಿನಲ್ಲಿ ಬಣ್ಣದ ಚಿತ್ರಗಳನ್ನು ತೆಗೆಸಿದ ಮೇಲೆ ಲಕ್ಷ್ಮಿ, ಸರಸ್ವತಿಯರು ಕಡಿಮೆ ಬೆಲೆಗೆ ಸಾಮಾನ್ಯರ ದೇವರ ಗೂಡಿಗೆ ಬಂದರು. ದೇವರ ಹಿಂದೆಯೇ ಗುಡ್ಡ, ಕೊಳ, ಹೊಳೆಯೂ ಕ್ಯಾಲೆಂಡರ್ ಹತ್ತಿ ನಮ್ಮ ಮನೆಗೆ ಬಂದವು.

ಅಚ್ಚಿನ ಚಿತ್ರದಲ್ಲಿ ಇನ್ನೊಂದು ಬಗೆಯಿದೆ, ಮರದಚ್ಚು. ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮರದ ಹಲಗೆಯಲ್ಲಿ ಬೇಡದ ಭಾಗವನ್ನು ಕೆತ್ತಿ ತೆಗೆದು, ಉಳಿದ ಉಬ್ಬಿಗೆ ಬಣ್ಣ ಸವರಿ, ಮೇಲೆ ಕಾಗದ ಇಟ್ಟು ಉಜ್ಜುತ್ತಾರೆ. ಒಂದೊಂದು ಬಣ್ಣಕ್ಕೆ ಒಂದೊಂದು ಹಲಗೆ. ಒಂದು ಕೂದಲೆಳೆ ಆಚೀಚೆಯಾದರೂ ಚಿತ್ರ ಕೆಟ್ಟಿತು. ಜಪಾನಿನವರು ಇದರಲ್ಲಿ ಬಹಳ ನುರಿತವರು. ಚಿತ್ರ ಬರೆಯುವವನೊಬ್ಬ, ಹಲಗೆ ಕೆತ್ತುವವನೊಬ್ಬ, ಅಚ್ಚು ಒತ್ತುವವನೊಬ್ಬ, ಹಣ ಹಾಕಿ ಮಾರುವವನು ಮತ್ತೊಬ್ಬ. ಹೀಗೆ ಹಲವರ ಕೈ ಸೇರಿ ಒಂದು ಚಿತ್ರ.

ಮಾಗೊಮೆಯ ಬೆಳದಿಂಗಳು

ಆ ಜಪಾನೀ ಚಿತ್ರಕಾರರಲ್ಲಿ ಕವಾಸೆ ಹಸುಯಿ (1883–1957) ಎಂಬಾತ ಒಬ್ಬರು. ಅವರ ಚಿತ್ರಗಳ ಪ್ರತಿಗಳು ಈಗ ಪುಸ್ತಕಗಳಲ್ಲಿ, ಗೋಡೆ ಕ್ಯಾಲೆಂಡರುಗಳಲ್ಲಿ, ಮೊಬೈಲಿನಲ್ಲೂ ನೋಡಲು ಸಿಗುತ್ತವೆ. ಮಳೆ, ಹಿಮ, ಸಂಜೆ, ರಾತ್ರಿ ಇವೇ ಅವರಿಗೆ ಪ್ರಿಯ. ಜಡಿಮಳೆಯ ನಾಡಿನವರಾದ ನಮಗೆ ಆ ಚಿತ್ರಗಳು ಕೂಡಲೇ ಹತ್ತಿರವಾಗುತ್ತವೆ.

1930ರಲ್ಲಿ ಅಚ್ಚಾದ ಅವರ ಒಂದು ಚಿತ್ರ ಮಾಗೊಮೆ ಎಂಬಲ್ಲಿಯ ಬೆಳದಿಂಗಳಿನದು. ಆಗಿನ್ನೂ ಅದು ಟೋಕಿಯೊ ನಗರದ ಅಂಚಿನ ಹಳ್ಳಿ. ಹಾಳೆಯ ತುಂಬ ಗಾಢ ನೀಲಿ. ಎತ್ತರದ ಪೈನ್ ಮರಗಳು, ಅವುಗಳ ಹಿಂದೆ ದುಂಡನೆಯ ಚಂದ್ರ. ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಆಮೇಲೆ ಮೆಲ್ಲಗೆ ಕೆಳಗಿಳಿದಾಗ ಮರಗಳ ಬುಡದಲ್ಲಿ, ಕತ್ತಲೆಯಲ್ಲಿ ಬಗ್ಗಿ ಕೂತ ಹಾಗೆ ಒಂದು ಹುಲ್ಲುಮಾಡಿನ ಮನೆ ಕಾಣುತ್ತದೆ. ಅದರಲ್ಲಿ ಉಗುರಿನಷ್ಟು ಹಳದಿ ಬೆಳಕು.

ಇಡೀ ಚಿತ್ರದಲ್ಲಿ ಮನುಷ್ಯರು ಒಬ್ಬರೂ ಇಲ್ಲ. ಆದರೂ ಆ ಬೆಳಕಿನಿಂದ ಎಷ್ಟೊಂದು ತಿಳಿಯುತ್ತದೆ ನೋಡಿ. ಒಳಗೆ ಯಾರೋ ಎಚ್ಚರವಾಗಿದ್ದಾರೆ. ಬಡಿಸಲು ಕಾಯುತ್ತಿದ್ದಾರೋ, ಮಗುವನ್ನು ಮಲಗಿಸುತ್ತಿದ್ದಾರೋ, ಬರಬೇಕಾದವರು ಇನ್ನೂ ಬಂದಿಲ್ಲವೋ! ಆ ಚುಕ್ಕೆ ಬೆಳಕನ್ನು ಬೆರಳಿನಿಂದ ಮುಚ್ಚಿ ನೋಡಿ. ಚಂದ್ರ ಇದ್ದಾನೆ, ಮರಗಳಿವೆ, ಮಾಡೂ ಇದೆ, ಆದರೆ ಮನೆ ಹೋಯಿತು. ಉಳಿದದ್ದು ಬರೀ ಕಟ್ಟಡ.

ಈ ಮನುಷ್ಯನ ಬದುಕಿನ ಒಂದು ಸಂಗತಿ ತಿಳಿದರೆ ಚಿತ್ರ ಇನ್ನಷ್ಟು ಅರ್ಥವಾಗುತ್ತದೆ. 1923ರ ಸೆಪ್ಟೆಂಬರ್ 1ರಂದು ಟೋಕಿಯೊದಲ್ಲಿ ಮಹಾ ಭೂಕಂಪವಾಯಿತು. ಮಧ್ಯಾಹ್ನ ಹನ್ನೆರಡಕ್ಕೆ ಎರಡು ನಿಮಿಷ ಕಡಿಮೆ. ಮನೆಮನೆಯಲ್ಲೂ ಊಟದ ಹೊತ್ತಿಗೆ ಒಲೆ ಹೊತ್ತಿಸಿದ್ದರು. ಮರದ ಮನೆಗಳು ಉರಿದು ಬೆಂಕಿ ಊರನ್ನೇ ನುಂಗಿತು. ಹಸುಯಿಯ ಮನೆ ಹೋಯಿತು, ವರ್ಷಗಟ್ಟಲೆ ಊರೂರು ತಿರುಗಿ ಬರೆದಿಟ್ಟಿದ್ದ ಚಿತ್ರದ ಪುಸ್ತಕಗಳೂ ಬೂದಿಯಾದವು. ಏಳು ವರ್ಷದ ಮೇಲೆ ಕತ್ತಲ ನಡುವೆ ಆ ಚುಕ್ಕೆ ಬೆಳಕನ್ನು ಇಟ್ಟವನು, ಮನೆ ಕಳೆದುಕೊಳ್ಳುವುದು ಏನೆಂದು ಬಲ್ಲವನು.

ಗುಡ್ಡವಿಲ್ಲದ, ಮಾಡಿಲ್ಲದ ಮನೆ

ಮನೆಯನ್ನು ಇನ್ನೊಂದು ರೀತಿಯಲ್ಲಿ ಬರೆದವಳು ನಮ್ಮ ದೇಶದವಳೇ ಆದ ಝರೀನಾ ಹಾಶ್ಮಿ. 1937ರಲ್ಲಿ ಅಲಿಗಢದಲ್ಲಿ ಹುಟ್ಟಿದವರು. ದೇಶ ಇಬ್ಭಾಗವಾಗಿ ಹಲವು ವರ್ಷವಾದ ಮೇಲೆ ತಂದೆತಾಯಿ ಪಾಕಿಸ್ತಾನಕ್ಕೆ ಹೋದರು. ಮದುವೆಯಾಗಿ ಇವರು ದೇಶ ದೇಶ ಸುತ್ತಿ, ಕೊನೆಗೆ ನ್ಯೂಯಾರ್ಕಿನಲ್ಲಿ ಬಹುಕಾಲ ನೆಲೆಸಿ, 2020ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಹುಟ್ಟಿದ ಮನೆಗೆ ಮರಳುವುದು ಆಗಲೇ ಇಲ್ಲ.

ಅವರು 1999ರಲ್ಲಿ 36 ಮರದಚ್ಚಿನ ಚಿತ್ರಗಳ ಒಂದು ಮಾಲೆ ಮಾಡಿದರು. ಮನೆಯೇ ಪರಸ್ಥಳ ಎಂಬ ಅರ್ಥದ ಹೆಸರು ಅದಕ್ಕೆ. ಒಂದೊಂದು ಹಾಳೆಯಲ್ಲಿ ಕೆಲವೇ ಕಪ್ಪು ಗೆರೆ, ಕೆಳಗೆ ಉರ್ದುವಿನಲ್ಲಿ ಒಂದೇ ಪದ. ಹೊಸ್ತಿಲು, ಬಾಗಿಲು, ಅಂಗಳ, ಹೀಗೆ. ಮನೆ ಕೈಬಿಟ್ಟು ಹೋದ ಮೇಲೆ ಅವರಲ್ಲಿ ಉಳಿದದ್ದು ಆ ಪದಗಳು. ಅದರಲ್ಲೇ ಅವರು ಮನೆ ಕಟ್ಟಿಕೊಂಡರು.

ನಮ್ಮ ಪಕ್ಕದ ಸಾಗರ ಸೀಮೆಯಲ್ಲಿ ದೀವರ ಹೆಣ್ಣುಮಕ್ಕಳು ಮದುವೆ ಮನೆಯ ಗೋಡೆಗೆ ಹಸೆ ಚಿತ್ತಾರ ಬರೆಯುತ್ತಾರಲ್ಲ, ಅದೂ ಗೆರೆಯ ಮನೆಯೇ. ಕೆಮ್ಮಣ್ಣು ಸಾರಿಸಿದ ಗೋಡೆ, ಅಕ್ಕಿಹಿಟ್ಟಿನ ಬಿಳಿ, ಪುಂಡಿನಾರಿನ ಕುಂಚ. ಗುಡ್ಡವಿಲ್ಲ, ಸೂರ್ಯನಿಲ್ಲ. ಚೌಕದೊಳಗೆ ಚೌಕ, ಗೆರೆಯ ಪಕ್ಕ ಗೆರೆ. ಹೊಸ ಸಂಸಾರ ಶುರುವಾಗುವ ಮನೆಗೆ ಹೆಂಗಸರೇ ಹಾಕಿಕೊಟ್ಟ ನಕ್ಷೆ ಎಂದರೂ ನಡೆದೀತು.

ನೀವೂ ಒಂದು ಹಾಳೆ ತೆಗೆದುಕೊಂಡು ನಿಮ್ಮ ಮನೆಯ ಪದಗಳನ್ನು ಬರೆದುನೋಡಿ. ಮಲೆನಾಡಿನವರಾದರೆ ಜಗಲಿ, ಉಣುಗೋಲು, ಕಾಫಿ ಹರಡುವ ಕಣ, ಬಚ್ಚಲ ಒಲೆ, ಕಟ್ಟಿಗೆ ಕೊಟ್ಟಿಗೆ, ಹಂಚಿನ ಸಂದಿಯ ಹೊಗೆ. ಇವುಗಳಲ್ಲಿ ಎಷ್ಟು ಈಗಲೂ ಇವೆ, ಎಷ್ಟು ಹೆಸರಿಗೆ ಮಾತ್ರ ಉಳಿದಿವೆ ಎನ್ನುವುದು ಆಗ ತಿಳಿಯುತ್ತದೆ.

ನಮ್ಮ ಗುಡ್ಡಗಳ ಚಿತ್ರ

ಈಗ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಚಿತ್ರಗಳಿಗೆ ಬನ್ನಿ. ಪ್ರವಾಸದ ಪೋಸ್ಟರುಗಳಲ್ಲಿ, ಹೋಂಸ್ಟೇಗಳ ಜಾಹೀರಾತಿನಲ್ಲಿ ಏನಿರುತ್ತದೆ? 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಯ ಮಂಜು, ಹಸಿರೋ ಹಸಿರು. ಮಾರ್ಚ್–ಏಪ್ರಿಲಿನಲ್ಲಿ ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಅರಳಿದ ಕಾಫಿ ಹೂವು. ಚೆಂದವೇ, ಇಲ್ಲವೆನ್ನುವುದಿಲ್ಲ. ಆದರೆ "ಹೋಂ" ಎಂಬ ಪದವನ್ನು ಹೆಸರಿನಲ್ಲೇ ಇಟ್ಟುಕೊಂಡ ಜಾಹೀರಾತಿನಲ್ಲೂ ಯಾರ ಮನೆಯೂ ಕಾಣುವುದಿಲ್ಲ! ಬಚ್ಚಲ ಹೊಗೆಯಿಲ್ಲ, ಒಣಹಾಕಿದ ಕಂಬಳಿಯಿಲ್ಲ, ಶಾಲೆ ಬಿಟ್ಟು ಕೊಡೆ ಹಿಡಿದು ಗದ್ದೆ ಅಂಚಿನಲ್ಲಿ ಬರುವ ಮಕ್ಕಳಿಲ್ಲ. ಇಲ್ಲಿ ಯಾರೂ ಇಲ್ಲ, ಬಂದು ಎರಡು ದಿನ ಇದ್ದು ಹೋಗಿ ಎನ್ನುವ ಹಾಗಿರುತ್ತದೆ ಚಿತ್ರ.

ಯಾರೂ ಇಲ್ಲದ್ದು ಹೇಗೆ? ಹಸಿರಿನ ಒಳಗೆ ಹಂಚಿನ ಮನೆಗಳಿವೆ, ಸಾಹುಕಾರರ ಬಂಗಲೆಗಳಿವೆ, ಇನ್ನೂ ಒಳಗೆ ಹೋದರೆ ಕೂಲಿ ಲೈನುಗಳಿವೆ. ಒಂದೇ ಮಾಡಿನಡಿ ಸಾಲಾಗಿ ಕೋಣೆ, ಕೋಣೆಗೊಂದು ಸಂಸಾರ. ದೊಡ್ಡ ತೋಟಗಳಲ್ಲಿ ಕೆಲಸಗಾರರಿಗೆ ಮಾಲೀಕರೇ ಮನೆ ಕೊಡಬೇಕೆಂದು 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆ ಹೇಳಿತು. ಹೀಗೆ ಸಿಕ್ಕಿದ ಮನೆ ಕೆಲಸ ಇರುವ ತನಕ. ಕೆಲಸ ಬಿಟ್ಟರೆ ಮನೆಯೂ ಬಿಟ್ಟ ಹಾಗೆ. ಅಲ್ಲೇ ಹುಟ್ಟಿ, ಅಲ್ಲೇ ಮದುವೆಯಾಗಿ, ಅಲ್ಲೇ ಮಕ್ಕಳನ್ನು ಹೆತ್ತವಳಿಗೂ ಅದು ತನ್ನದೆಂದು ಹೇಳಿಕೊಳ್ಳುವ ಹಾಗಿಲ್ಲ. ಆದರೂ ಆ ಕೋಣೆಯ ಮುಂದೆ ಸಾರಿಸಿ ರಂಗೋಲಿ ಹಾಕಿರುತ್ತಾಳೆ, ಒಡೆದ ಬಕೆಟಿನಲ್ಲಿ ಸೇವಂತಿಗೆ ನೆಟ್ಟಿರುತ್ತಾಳೆ. ಮಾಗೊಮೆಯ ಹಳದಿ ಬೆಳಕಿಗೂ ಈ ಸೇವಂತಿಗೆಗೂ ನನಗೇನೂ ವ್ಯತ್ಯಾಸ ಕಾಣುವುದಿಲ್ಲ.

ಈಚಿನ ವರ್ಷಗಳಲ್ಲಿ ಅಸ್ಸಾಂ, ಬಂಗಾಳದ ಕಡೆಯಿಂದಲೂ ಕಾಫಿ ಕುಯ್ಯಲು ಬರುತ್ತಾರೆ. ಭಾಷೆ ಬಾರದಿದ್ದರೂ ಒಂದು ಮಾತು ಆಡುತ್ತಾರೆ. ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿ, "ಅಕ್ಕಾ, ಘರ್" ಅನ್ನುತ್ತಾರೆ. ತಗಡಿನ ಮಾಡು, ಬಾಳೆಗಿಡ, ಬಾಗಿಲಲ್ಲಿ ನಿಂತ ಮುದುಕಿ. ನಮಗೆ ಅದು ಯಾವುದೋ ಹಳ್ಳಿ. ಅವಳಿಗೆ ಅದೇ ಜಗತ್ತಿನ ಅತ್ಯಂತ ಸುಂದರ ದೃಶ್ಯ.

ನಮ್ಮ ಸೀಮೆಯನ್ನು ಬರೀ ನೋಟವಾಗಿ ನೋಡದೆ, ಜನ ಬಾಳುವ ಜಾಗವಾಗಿ ಕಂಡವರಲ್ಲಿ ಪೂರ್ಣಚಂದ್ರ ತೇಜಸ್ವಿಯವರು (1938–2007) ದೊಡ್ಡವರು. ಮೂಡಿಗೆರೆಯ ತೋಟದ ಮನೆಗೆ ಅವರು ಇಟ್ಟ ಹೆಸರು 'ನಿರುತ್ತರ'. ಹಕ್ಕಿಗಳ ಫೋಟೋ ತೆಗೆದರೂ, ಕಾಡಿನ ಕಥೆ ಬರೆದರೂ ಅವರ ಕಾಡಿನಲ್ಲಿ ಯಾರದ್ದೋ ಮನೆ, ಯಾರದ್ದೋ ಜಗಳ, ಯಾರದ್ದೋ ನಾಯಿ ಇದ್ದೇ ಇರುತ್ತದೆ. ಅವರ ಪತ್ನಿ ರಾಜೇಶ್ವರಿಯವರ 'ನನ್ನ ತೇಜಸ್ವಿ' ಓದಿದರೆ ಅದೇ ತೋಟ ಮನೆಯೊಳಗಿನಿಂದ ಕಾಣುತ್ತದೆ.

ಮನೆಗಳಿವೆ, ಬೆಳಕಿಲ್ಲ

ಕಳಸದಿಂದ ಕುದುರೆಮುಖದ ದಾರಿ ಹಿಡಿದು ಹೋದವರು ಇದರ ಇನ್ನೊಂದು ಮುಖ ನೋಡಿರುತ್ತೀರಿ. 1976ರಲ್ಲಿ ಕಬ್ಬಿಣದ ಅದಿರಿನ ಕಂಪನಿ ಸ್ಥಾಪನೆಯಾಗಿ, ಗುಡ್ಡಗಳ ನಡುವೆ ಒಂದು ಊರೇ ಎದ್ದಿತು. ಮನೆ, ಶಾಲೆ, ಆಸ್ಪತ್ರೆ, ಅಂಗಡಿ ಎಲ್ಲ ಇತ್ತು. ಸುಪ್ರೀಂ ಕೋರ್ಟಿನ 2002ರ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಕಾಡಿಗೆ, ಭದ್ರೆಗೆ ಅದು ಒಳ್ಳೆಯದೇ ಆಯಿತು. ಆದರೆ ಕೆಲಸದ ಜೊತೆ ಜನವೂ ಹೋದರು. ಸಾಲು ಸಾಲು ಮನೆ ಪಾಚಿ ಹಿಡಿದು ನಿಂತಿತು. ಫೋಟೋ ತೆಗೆದರೆ ಎಷ್ಟೊಂದು ಮಾಡು, ಎಷ್ಟೊಂದು ಕಿಟಕಿ! ಸಂಜೆಯಾದರೆ ಬೆಳಕು ಮಾತ್ರ ಬೆರಳೆಣಿಕೆಯಷ್ಟು.

ಮಲೆಮನೆಯ ಮಾತು

2019ರ ಆಗಸ್ಟಿನ ಮಳೆ ನಮ್ಮ ಸೀಮೆಯವರಿಗೆ ಮರೆಯುವಂಥದ್ದಲ್ಲ. ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳೇ ಜಾರಿ ಬಂದವು. ಮಲೆಮನೆ, ಮಧುಗುಂಡಿಯ ಕಡೆ ಮನೆ, ಗದ್ದೆ, ತೋಟ ಮಣ್ಣಿನಡಿ ಸೇರಿದವು. ಉಟ್ಟ ಬಟ್ಟೆಯಲ್ಲಿ ಹೊರಟವರು ಎಷ್ಟೋ ಮಂದಿ.

ಹೆಸರು ನೋಡಿ, ಮಲೆಮನೆ. ಮಲೆ ಮತ್ತು ಮನೆ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಊರು. ನಮ್ಮ ಹಿರಿಯರಿಗೆ ಗುಡ್ಡ ಬೇರೆ, ಮನೆ ಬೇರೆ ಆಗಿರಲಿಲ್ಲ. ಗುಡ್ಡದ ನೀರು ಗದ್ದೆಗೆ, ಗುಡ್ಡದ ಸೊಪ್ಪು ಕೊಟ್ಟಿಗೆಗೆ, ಗುಡ್ಡದ ಮರೆ ಗಾಳಿಗೆ. ಅಂಥ ಗುಡ್ಡವೇ ಮನೆಯ ಮೇಲೆ ಬಿದ್ದಾಗ ಹೋದದ್ದು ನಾಲ್ಕು ಗೋಡೆ ಮಾತ್ರವಲ್ಲ.

ಆ ದಿನಗಳಲ್ಲಿ ಪತ್ರಿಕೆಗಳಲ್ಲಿ ಬಂದ ಚಿತ್ರಗಳೂ ಪ್ರಕೃತಿ ದೃಶ್ಯಗಳೇ ತಾನೇ? ಹಸಿರು ಗುಡ್ಡದ ಮೈಮೇಲೆ ಉದ್ದನೆಯ ಕೆಂಪು ಗಾಯ. ದೂರದಿಂದ ನೋಡಿದವರು "ಅಂಥ ಜಾಗದಲ್ಲಿ ಯಾಕೆ ಮನೆ ಕಟ್ಟಬೇಕಿತ್ತು?" ಅಂದರು. ಅಂಥ ಪ್ರಶ್ನೆ ಸುಲಭವಾಗಿ ಬರುವುದು, ಅದಕ್ಕೆ ಮುಂಚೆ ಅವರು ಕಂಡ ಯಾವ ಚಿತ್ರದಲ್ಲೂ ಅಲ್ಲಿ ಮನೆಯಿತ್ತು ಎನ್ನುವುದೇ ಇರಲಿಲ್ಲವಾದ್ದರಿಂದ. ಚಿತ್ರದಲ್ಲಿ ಕಾಣದ ಮನೆ ಹೋದರೆ ಹೋಯಿತು ಅನ್ನುವವರಿಗೂ ಕಾಣುವುದಿಲ್ಲ. ಹೊಸ ರಸ್ತೆಗೆ ಗುಡ್ಡದ ಬುಡ ಕಡಿಯುವಾಗ, ರೆಸಾರ್ಟಿಗೆ ಇಳಿಜಾರು ಸಮ ಮಾಡುವಾಗ ನಕ್ಷೆ ನೋಡುವವರ ಕಣ್ಣಿಗೆ ಮೇಲೆ, ಕೆಳಗೆ ಇರುವ ಬಚ್ಚಲ ಹೊಗೆ ಬೀಳಬೇಕು. ಅದಕ್ಕೇ ನಾನು ಗೋಡೆಯ ಚಿತ್ರದ ಮಾತನ್ನು ಇಷ್ಟು ದೂರ ಎಳೆದು ತಂದದ್ದು.

ನಿಮ್ಮ ಗೋಡೆಗೆ ಯಾವ ಚಿತ್ರ?

ಮುಂದಿನ ಸಲ ಚಿತ್ರ ಕೊಳ್ಳುವಾಗ ಬಣ್ಣವೊಂದನ್ನೇ ನೋಡಬೇಡಿ. ದಾರಿ, ಹೊಗೆ, ಬೆಳಕು, ಬೇಲಿ, ಈ ನಾಲ್ಕರಲ್ಲಿ ಒಂದಾದರೂ ಇದೆಯೇ ಹುಡುಕಿ. ಒಂದಿದ್ದರೂ ಆ ಚಿತ್ರದ ಜೊತೆ ದಿನಾ ಬದುಕಬಹುದು.

ಮಕ್ಕಳಿಗೆ ರಜೆ ಬಂದಾಗ ಸೂರ್ಯನ ಗುಡ್ಡ ಬಿಟ್ಟು, ತಮ್ಮದೇ ಮನೆಯನ್ನು ಎದುರಿನ ದಿಬ್ಬದಿಂದ ನೋಡಿ ಬರೆಯಲು ಹೇಳಿ. ಎಷ್ಟು ಅಂಕಣ, ಬಾಗಿಲು ಯಾವ ಕಡೆ, ಹೊಗೆ ಎಲ್ಲಿಂದ ಎಂದು ಕೇಳಿ. ಹಿಂದೆ ತಾರೀಕು, ಊರು ಬರೆಸಿ ಇಟ್ಟುಕೊಳ್ಳಿ. ಮನೆಯ ಹಳೆಯ ಫೋಟೋಗಳಿದ್ದರೆ ಅತ್ತೆಯವರೋ ಅಜ್ಜಿಯೋ ಇರುವಾಗಲೇ ಅದರಲ್ಲಿ ಇರುವವರ ಹೆಸರು ಕೇಳಿ ಬರೆದಿಡಿ.

ಚಿತ್ರ ಕಾಪಾಡುವುದು ಮಲೆನಾಡಿನಲ್ಲಿ ಬೇರೆಯೇ ವಿದ್ಯೆ. ಮಳೆ ಹೊಡೆಯುವ ಹೊರಗೋಡೆಗೆ ಚಿತ್ರ ಹಾಕಬೇಡಿ, ಒಳಗೋಡೆ ಉತ್ತಮ. ಕಟ್ಟಿನ ಹಿಂಬದಿಯ ಕೆಳಮೂಲೆಗಳಿಗೆ ಬಾಟಲಿ ಬಿರಡೆಯ ಎರಡು ಚೂರು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡಿ ಬೂಷ್ಟು ಬರುವುದು ಕಡಿಮೆಯಾಗುತ್ತದೆ. ಗಾಜು ನೇರವಾಗಿ ಚಿತ್ರಕ್ಕೆ ತಾಗದಂತೆ ಸುತ್ತ ದಪ್ಪ ಕಾಗದದ ಅಂಚು ಹಾಕಿಸಿ. ಹಿಂದುಗಡೆ ಹಳೆ ಪತ್ರಿಕೆ ಇಡಿಸಬೇಡಿ, ಅದರಿಂದ ಚಿತ್ರ ಕಂದು ತಿರುಗುತ್ತದೆ. ಬೂಷ್ಟು ಬಂದಿದ್ದರೆ ಒದ್ದೆ ಬಟ್ಟೆ ಮುಟ್ಟಿಸದೆ, ಒಣಹವೆಯ ದಿನ ಅಂಗಳಕ್ಕೆ ತಂದು ಮೆತ್ತನೆಯ ಬ್ರಶ್‌ನಿಂದ ಝಾಡಿಸಿ. ನೇರ ಬಿಸಿಲಿನಲ್ಲಿ ಬಹಳ ಹೊತ್ತು ಬಿಟ್ಟರೆ ಬಣ್ಣ ಮಾಸುತ್ತದೆ. ನವರಾತ್ರಿಯ ಹೊತ್ತಿಗೆ ಮಳೆ ಹಿಂದಾದ ಮೇಲೆ ಎಲ್ಲ ಚಿತ್ರಗಳನ್ನೂ ಒಮ್ಮೆ ಇಳಿಸಿ ನೋಡುವ ರೂಢಿ ಇಟ್ಟುಕೊಳ್ಳಿ.

ಹಾಗೆ ಇಳಿಸಿದಾಗ ಮಕ್ಕಳನ್ನೂ ಕೂರಿಸಿಕೊಂಡು "ಇದರಲ್ಲಿ ಮನೆ ಎಲ್ಲಿದೆ ಹೇಳಿ ನೋಡೋಣ" ಎಂದು ಕೇಳಿ. ಅವರಿಗೆ ಕಂಡದ್ದು ನಿಮಗೆ ಕಂಡಿರಲಿಕ್ಕಿಲ್ಲ.